ಶಿರಸಿಯಲ್ಲಿ ಲೆಕ್ಕ ಬರೆಯೋ ಕೆಲಸ: 2,500ರಿಂದ ಶುರುವಾದ ನನ್ನ ಸಂಬಳದ ಕಥೆ

ಬಿಕಾಂ ರಿಸಲ್ಟ್ ಬಂದ ವಾರ ಯಾರಾದ್ರೂ ಒಬ್ರು ನಮ್ಮನೆಗೆ ಬಂದೇ ಬರ್ತಾರೆ. ಈ ಸಲ ಬಂದಿದ್ದು ಓಣಿ ಕೊನೆ ಮನೆ ಹುಡುಗಿ. "ಅಕ್ಕಾ, ಟ್ಯಾಲಿ ಕಲ್ತ್ರೆ ಎಷ್ಟ್ ಸಂಬ್ಳ ಸಿಗ್ತದೆ?" ಅಂತ ಕೇಳಿದ್ಳು. (ಟ್ಯಾಲಿ ಅಂದ್ರೆ ಕಂಪ್ಯೂಟರಲ್ಲಿ ಲೆಕ್ಕ ಬರೆಯೋ ಸಾಫ್ಟ್‌ವೇರ್.) ಚಾ ಕುಡಿಯೋದ್ರೊಳಗೆ ಹೇಳಿ ಮುಗಿಸೋ ವಿಷಯ ಅಲ್ಲ ಅದು, ಅದ್ಕೆ ಕೂತು ಪೂರ್ತಿ ಬರೀತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ನಾನು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಅಲ್ಲ, ಐಪಿಸಿಸಿ (ಸಿಎ ಓದಿನ ನಡುವಿನ ಹಂತದ ಪರೀಕ್ಷೆ) ಎರಡು ಸಲ ಬರೆದು ಪಾಸಾಗದೆ ಬಿಟ್ಟವಳು. ಇದು ಬಿಕಾಂ ಮಾಡಿ, ಸಿಎ ಆಗದೆ, ಲೆಕ್ಕ ಬರೆದೇ ಜೀವನ ಮಾಡೋರ ದಾರಿ, ಇಲ್ಲಿರೋ ಸಂಬಳದ ಅಂಕಿ ಎಲ್ಲಾ ನನಗೆ ಸಿಕ್ಕಿದ್ದು ಇಲ್ಲಾ ನಾನೇ ಹತ್ತಿರದಿಂದ ನೋಡಿದ್ದು.

2009ರಲ್ಲಿ ಡಿಗ್ರಿ ಮುಗೀತು, ಶಿರಸಿಯಲ್ಲೇ ಒಂದು ಸಿಎ ಆಫೀಸಲ್ಲಿ ತಿಂಗಳಿಗೆ 2,500ಕ್ಕೆ ಸೇರ್ಕೊಂಡೆ. ಕೆಲಸ ಅಂದ್ರೆ ವೌಚರ್‌ಗೆ ಟಿಕ್ ಹಾಕೋದು, ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡೋದು, ಹಳ್ಳಿ ಸೊಸೈಟಿಗಳ ಆಡಿಟ್‌ಗೆ ಬಸ್ಸಲ್ಲಿ ಹೋಗಿ ಸದಸ್ಯರ ಸಾಲದ ಲೆಡ್ಜರ್ ಬ್ಯಾಲೆನ್ಸ್ ಬರ್ಕೊಂಡು ಬರೋದು. ಬಸ್ ಚಾರ್ಜ್, ಮಧ್ಯಾಹ್ನದ ಊಟ ತೆಗೆದ್ರೆ ಕೈಯಲ್ಲಿ ಏನೂ ಉಳೀತಿರ್ಲಿಲ್ಲ, ಅಮ್ಮ "ಇದ್ಕಿಂತ ಟ್ಯೂಷನ್ ಹೇಳು" ಅಂತಿದ್ರು. ಆದ್ರೂ ಆ ಎರಡು ವರ್ಷ ದಂಡ ಅಂತ ನಾನು ಯಾವತ್ತೂ ಹೇಳಲ್ಲ. ಬೇರೆಯೋರು ಬರೆದ ಲೆಕ್ಕದಲ್ಲಿ ತಪ್ಪು ಎಲ್ಲಿ ಕೂತಿರ್ತದೆ ಅನ್ನೋದು ಗೊತ್ತಾಗಿದ್ದೇ ಅಲ್ಲಿ.

2011ರಲ್ಲಿ ಒಂದು ಅಡಿಕೆ ವಖಾರಿಗೆ (ಅಡಿಕೆ ವ್ಯಾಪಾರದ ಮಳಿಗೆ) ಹೋದೆ, 5,000. ನಾನು ಕೆಲಸ ಕಲ್ತಿದ್ದು ಅಂದ್ರೆ ಅಲ್ಲಿ. ಟೆಂಡರ್ ಮುಗಿದ ಮೇಲೆ ರಾಶಿ ಇಷ್ಟು ಕ್ವಿಂಟಲ್, ಚಾಲಿ ಇಷ್ಟು, ಬೆಟ್ಟೆ ಇಷ್ಟು ಅಂತ ಅಡಿಕೆಯ ಒಂದೊಂದು ಬಗೆಗೆ ಚೀಟಿ ಬರ್ತಿತ್ತು, ಒಬ್ಬೊಬ್ಬ ರೈತರ ಖಾತೆ ತೆಗೆದು ಮಳೆಗಾಲದಲ್ಲಿ ಕೊಟ್ಟ ಅಡ್ವಾನ್ಸ್, ಬಡ್ಡಿ, ಹಮಾಲಿ, ದಲಾಲಿ ಎಲ್ಲಾ ಕಳೆದು ಪಟ್ಟಿ ಮಾಡ್ಬೇಕು, ರೈತರು ಎದುರಿಗೇ ಕೂತಿರ್ತಿದ್ರು, ನೂರು ರೂಪಾಯಿ ಹೆಚ್ಚು ಕಡಿಮೆ ಆದ್ರೂ ಅವರ ನೆನಪು ನಮ್ಮ ಪುಸ್ತಕಕ್ಕಿಂತ ಗಟ್ಟಿ. ಹಿರಿ ಗುಮಾಸ್ತರು ಒಬ್ರಿದ್ರು, ಎಪ್ಪತ್ತರ ಹತ್ತಿರ ವಯಸ್ಸು, ಕಂಪ್ಯೂಟರ್ ಮುಟ್ಟಿದವ್ರಲ್ಲ. ಸಂಜೆ ಕ್ಯಾಶ್ 40 ರೂಪಾಯಿ ವ್ಯತ್ಯಾಸ ಬಂದು, ನಾಳೆ ನೋಡೋಣ ಅಂತ ನಾನು ಎದ್ರೆ, "ಶಿಲ್ಕು ತಾಳೆ ಆಗ್ದೆ ಬಾಗ್ಲು ಹಾಕ್ಲೆ ಆಗ್ತಿಲ್ಲೆ ಕೂಸೇ" ಅಂತ ಮತ್ತೆ ಕೂರಿಸ್ತಿದ್ರು (ಶಿಲ್ಕು ಅಂದ್ರೆ ದಿನದ ಕೊನೆಗೆ ಉಳಿದ ಕ್ಯಾಶ್). ಎಷ್ಟೋ ಸಲ ಕೊನೆ ಬಸ್ ತಪ್ಪಿದೆ. ಇವತ್ತಿಗೂ ದಿನದ ಕ್ಯಾಶ್ ಆ ದಿನವೇ ಮುಗಿಸದೆ ನಂಗೆ ನಿದ್ದೆ ಬರಲ್ಲ, ಅದು ಅವರು ಕೊಟ್ಟಿದ್ದು.

ಸಂಬಳ ಏರಿದ್ದು ಒಂದು ಸಣ್ಣ ಕೆಲಸದಿಂದ. ಆಗ ವ್ಯಾಪಾರದವರು ಒಬ್ಬರಿಗೆ ಒಂದು ದಿನಕ್ಕೆ 20,000ಕ್ಕಿಂತ ಹೆಚ್ಚು ಕ್ಯಾಶ್ ಕೊಟ್ರೆ ಆದಾಯ ತೆರಿಗೇಲಿ ಆ ಖರ್ಚು ಒಪ್ತಿರ್ಲಿಲ್ಲ (2017ರಿಂದ ಅದು 10,000). ಆದ್ರೆ ಬೆಳೆದ ರೈತರಿಂದಲೇ ನೇರ ಕೊಂಡಿದ್ರೆ ಆ ಮಿತಿ ಇಲ್ಲ, ಬೇರೆ ವ್ಯಾಪಾರಿಯಿಂದ ಕೊಂಡ್ರೆ ಇದೆ. ಎರಡೂ ಒಂದೇ ಖಾತೆಯಲ್ಲಿ ಸೇರ್ಕೊಂಡು ಪ್ರತಿ ಸೆಪ್ಟೆಂಬರ್ ಆಡಿಟ್ ಟೈಮಲ್ಲಿ ಜಗಳ ಆಗ್ತಿತ್ತು, ನಾನು ವರ್ಷದ ಶುರುವಿಂದಲೇ ರೈತರ ಖರೀದಿ ಬೇರೆ, ವ್ಯಾಪಾರಿಗಳ ಖರೀದಿ ಬೇರೆ ಅಂತ ಗ್ರೂಪ್ ಮಾಡಿ ಇಟ್ಟೆ, ಆ ವರ್ಷ ಆಡಿಟ್ ನಾಲ್ಕೇ ದಿನದಲ್ಲಿ ಮುಗೀತು. ಯಜಮಾನರು ಕೇಳದೆಯೇ ಸಂಬಳ 6,500 ಮಾಡಿದ್ರು.

ಖುಷಿಯಾಗಿದ್ದೆ. ಮುಂದಿನ ವರ್ಷ ಹೊಸದಾಗಿ ಸೇರಿದ ಹುಡುಗನಿಗೆ 8,000 ಅಂತ ಗೊತ್ತಾಯ್ತು. ಅವನಿಗೆ ವ್ಯಾಟ್ (ಜಿಎಸ್‌ಟಿಗೆ ಮುಂಚೆ ಇದ್ದ ಮಾರಾಟ ತೆರಿಗೆ) ರಿಟರ್ನ್ ಹಾಕಕ್ಕೆ ನಾನೇ ಹೇಳ್ಕೊಡ್ತಿದ್ದೆ. "ಅವ್ನಿಗೆ ಸಂಸಾರ ನಡಿಸ್ಬೇಕು" ಅನ್ನೋ ಉತ್ತರ ಬಂತು, ಅದು ಇವತ್ತಿಗೂ ಚುಚ್ತದೆ. ಅತ್ತು ಮನೆಗೆ ಬಂದೆ, ಆ ರಾತ್ರಿ ಒಂದು ಹಾಳೆ ಮೇಲೆ ನಾನು ಒಬ್ಬಳೇ ಮುಗಿಸೋ ಕೆಲಸ ಏನೇನು ಅಂತ ಬರೆದೆ: ತಿಂಗಳ 20ರೊಳಗೆ ವ್ಯಾಟ್ ರಿಟರ್ನ್, 7ರೊಳಗೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯೋ ಆದಾಯ ತೆರಿಗೆ) ಕಟ್ಟೋದು, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್, ಆಡಿಟ್ ಫೈಲ್. ಮಾರನೇ ದಿನ ಆ ಹಾಳೆ ಮುಂದಿಟ್ಟು ಕೇಳಿದೆ. 8,000 ಆಯ್ತು. ಅವತ್ತಿಂದ ನಾನು "ಇಷ್ಟು ವರ್ಷ ಅನುಭವ ಇದೆ" ಅಂತ ಹೇಳಿ ಸಂಬಳ ಕೇಳಿದ್ದಿಲ್ಲ, ಯಾವ ಕೆಲಸ ಯಾರ ಸಹಾಯ ಇಲ್ದೆ ಮುಗಿಸ್ತೀನಿ ಅಂತಲೇ ಕೇಳೋದು. ನಮ್ಮ ಲೈನಲ್ಲಿ ಹತ್ತು ವರ್ಷ ಎಂಟ್ರಿ ಹೊಡೆದೋರೂ ಇದ್ದಾರೆ, ಮೂರು ವರ್ಷದಲ್ಲಿ ಬ್ಯಾಲೆನ್ಸ್ ಶೀಟ್ ತನಕ ತಂದು ನಿಲ್ಸೋರೂ ಇದ್ದಾರೆ, ಸಂಬಳ ಯಾರದ್ದು ಏರ್ತದೆ ಅಂತ ನಾನು ಕಣ್ಣಾರೆ ನೋಡಿದೀನಿ.

2014ರಲ್ಲಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋದೆ, ಸರ್ಕಾರಿ ಕೆಲಸ ಮಾಡೋ ಒಬ್ಬ ಕಾಂಟ್ರಾಕ್ಟರ್ ಹತ್ರ, 13,000 ಮತ್ತೆ ಇರಕ್ಕೆ ರೂಮು. ಅಡಿಕೆ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಿಲ್ ಹತ್ತು ಲಕ್ಷ ಅಂದ್ರೆ ಕೈಗೆ ಹತ್ತು ಲಕ್ಷ ಬರಲ್ಲ, ಟಿಡಿಎಸ್ ಹೋಗ್ತದೆ, ಲೇಬರ್ ಸೆಸ್ ಒಂದು ಪರ್ಸೆಂಟ್ ಹೋಗ್ತದೆ, ಸೆಕ್ಯೂರಿಟಿ ಡಿಪಾಸಿಟ್ ಹಿಡೀತಾರೆ, ರಾಯಲ್ಟಿ ಕಡಿತ ಬೇರೆ. ಬಂದ ದುಡ್ಡನ್ನೇ ಆದಾಯ ಅಂತ ಬರೆದ್ರೆ 26ಎಎಸ್‌ಗೆ (ತೆರಿಗೆ ಇಲಾಖೆ ಹತ್ರ ಇರೋ ನಮ್ಮ ಟಿಡಿಎಸ್ ಪಟ್ಟಿ) ತಾಳೆ ಆಗಲ್ಲ, ನೋಟಿಸ್ ಬರ್ತದೆ. ಮಾರ್ಚ್ 31 ಅಂದ್ರೆ ಖಜಾನೆಯಲ್ಲಿ ಬಿಲ್ ಪಾಸಾಗೋ ತನಕ ಊಟ ಇಲ್ಲ. 2016ರ ನವೆಂಬರ್ 8ರ ನೋಟ್‌ಬಂದಿ ಆದಾಗ ಸೈಟಿನ ಕೂಲಿಯವರಿಗೆಲ್ಲ ಬ್ಯಾಂಕ್ ಖಾತೆ ಮಾಡಿಸಿ ಸಂಬಳ ಹಾಕೋ ವ್ಯವಸ್ಥೆ ಮಾಡಿದ್ದು ನಾನೇ, ಅದರ ನಂತರ 17,000 ಆಯ್ತು. ಕಾರವಾರದಲ್ಲಿ ನನ್ನ ಜೊತೆ ರೂಮಲ್ಲಿದ್ದವಳು ಬೆಳಿಗ್ಗೆ ಟ್ರೈನಿಗೆ ಮಡಗಾಂವ್‌ಗೆ ಹೋಗಿ ಅಲ್ಲಿ ಹೋಟೆಲ್ ಅಕೌಂಟ್ಸ್ ಮಾಡ್ತಿದ್ಳು, ಅವಳಿಗೆ ನನಗಿಂತ ಹೆಚ್ಚು ಬರ್ತಿತ್ತು, ಕೊಂಕಣಿ ಬರೋರಿಗೆ ಅದೂ ಒಂದು ದಾರಿ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಎಲ್ಲರಿಗೂ ಅದು ಹೊಸದು, ಇಪ್ಪತ್ತು ವರ್ಷದ ಅನುಭವ ಇದ್ದೋರೂ ನಾನೂ ಒಂದೇ ಗೆರೆ ಮೇಲೆ ನಿಂತಿದ್ವಿ. ನಾನು ಕೂತು ಓದಿದೆ, ರಾತ್ರಿ ಎರಡು ಗಂಟೆಗೆ ಸರ್ವರ್ ಖಾಲಿ ಇರ್ತದೆ ಅಂತ ಎದ್ದು 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕಿದೆ. ಆ ಆರು ತಿಂಗಳ ಓದು ನನ್ನ ಡಿಗ್ರಿಗಿಂತ ಹೆಚ್ಚು ದುಡ್ಡು ಕೊಟ್ಟಿದೆ.

ಆ ಬಲದ ಮೇಲೆ ನವೆಂಬರಲ್ಲಿ ಬೆಂಗಳೂರಲ್ಲಿ ಕೆಲಸ ಸಿಕ್ತು, 4.2 ಲಕ್ಷ ಸಿಟಿಸಿ (ಕಂಪನಿ ನಮ್ಮ ಮೇಲೆ ಮಾಡೋ ವರ್ಷದ ಒಟ್ಟು ಖರ್ಚು). ಊರಲ್ಲೆಲ್ಲಾ 35,000 ಸಂಬಳ ಅಂತ ಸುದ್ದಿ. ಕೈಗೆ ಬಂದಿದ್ದು 26,858. ಹೊಸಬ್ರು ಈ ಲೆಕ್ಕ ನೋಡ್ಲೇಬೇಕು. ತಿಂಗಳ 35,000ದಲ್ಲಿ ಕಂಪನಿ ಕಟ್ಟೋ ಪಿಎಫ್ 1,800, ಗ್ರಾಚ್ಯುಟಿ ಅಂತ 842, ಅದು ಐದು ವರ್ಷ ಇದ್ರೆ ಮಾತ್ರ ಸಿಗೋದು, ವೇರಿಯಬಲ್ (ಕೊಟ್ರೆ ಕೊಟ್ರು, ಖಾತ್ರಿ ಇಲ್ಲದ ಭಾಗ) ಅಂತ 3,500. ಉಳಿದ 28,858ರಲ್ಲಿ ನನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಆ ವೇರಿಯಬಲ್ ಒಂದು ವರ್ಷವೂ ಪೂರ್ತಿ ಕೊಡ್ಲಿಲ್ಲ. ಪಿಜಿಗೆ 7,500, ಓಡಾಟ, ಊರಿಗೆ ಬಸ್, ಇದೆಲ್ಲ ಕಳೆದ್ರೆ ಕಾರವಾರದಲ್ಲಿ ಉಳೀತಿದ್ದಷ್ಟೇ ಅಲ್ಲೂ ಉಳೀತಿತ್ತು. ಅದಕ್ಕಿಂತ ಬೇಜಾರು ಅಂದ್ರೆ ಎರಡು ವರ್ಷ ನಂಗೆ ಕೊಟ್ಟಿದ್ದು ವೆಂಡರ್ ಬಿಲ್ ಹಾಕೋ ಕೆಲಸ ಮಾತ್ರ, ಸೇಲ್ಸ್ ಬೇರೆಯವರು, ಟ್ಯಾಕ್ಸ್ ಇನ್ನೊಬ್ಬರು, ಬ್ಯಾಲೆನ್ಸ್ ಶೀಟ್ ಕಣ್ಣಿಗೇ ಬೀಳ್ತಿರ್ಲಿಲ್ಲ. ಒಳ್ಳೇದೂ ಇದೆ, ಎಕ್ಸೆಲ್ ಸರಿಯಾಗಿ ಕಲ್ತೆ, ಈಮೇಲ್ ಬರೆಯಕ್ಕೆ ಕಲ್ತೆ, 2019ರಲ್ಲಿ ಕಂಪನಿ ಬದಲಾಯಿಸಿದಾಗ ಕೈಗೆ 34,000 ಆಯ್ತು.

ಲಾಕ್‌ಡೌನಲ್ಲಿ ಊರಿಗೆ ಬಂದೆ, ಅಪ್ಪಂಗೆ ಹುಷಾರಿರ್ಲಿಲ್ಲ, ವಾಪಸ್ ಹೋಗಕ್ಕೆ ಮನಸ್ಸಾಗ್ಲಿಲ್ಲ. 2021ರಲ್ಲಿ ಇಲ್ಲೇ ಒಬ್ಬ ವ್ಯಾಪಾರಿ ಹತ್ರ 22,000ಕ್ಕೆ ಸೇರಿದೆ. ಕಡಿಮೆ ಅಂತ ಗೊತ್ತಿದ್ದೇ ಸೇರಿದ್ದು, ಅದ್ರ ಬಗ್ಗೆ ನನಗೆ ನೋವಿಲ್ಲ. ನೋವಾಗಿದ್ದು ಬೇರೆ. ಒಂದು ತಿಂಗಳು ತೆರಿಗೆ ಕಟ್ಟೋ ದುಡ್ಡನ್ನ ಅವರು ಟೈಮಿಗೆ ಬಿಡ್ಲಿಲ್ಲ, ದುಡ್ಡು ಕಟ್ಟದೆ 3ಬಿ ಹೋಗಲ್ಲ, ದಿನಕ್ಕೆ 50ರ ಹಾಗೆ 20 ದಿನ ಲೇಟ್ ಫೀ 1,000 ಬಿತ್ತು, ಆ 1,000ವನ್ನ ನನ್ನ ಸಂಬಳದಲ್ಲಿ ಹಿಡಿದ್ರು. ನಾನು 15ನೇ ತಾರೀಖಿಗೇ ಚಲನ್ ಮಾಡಿ ವಾಟ್ಸಾಪ್ ಮಾಡಿದ್ದೆ, ತೋರ್ಸಿದೆ, "ಜ್ಞಾಪಿಸೋದು ನಿನ್ ಕೆಲ್ಸ" ಅಂದ್ರು. ಅವತ್ತೇ ಸ್ವಂತ ಕೆಲಸ ಮಾಡ್ಬೇಕು ಅಂತ ತೀರ್ಮಾನ ಮಾಡಿದೆ.

ಬಿಕಾಂ ಆದೋರು ಜಿಎಸ್‌ಟಿ ಪ್ರಾಕ್ಟೀಷನರ್ (ಬೇರೆಯವರ ಪರವಾಗಿ ಜಿಎಸ್‌ಟಿ ರಿಟರ್ನ್ ಹಾಕೋರು) ಅಂತ ಎನ್‌ರೋಲ್ ಆಗ್ಬಹುದು. ಹಾಗೆ ಎನ್‌ರೋಲ್ ಆಗಿ 2023ರಲ್ಲಿ ಒಂದು ಸಣ್ಣ ರೂಮ್ ಹಿಡಿದೆ. ಅದೇ ವರ್ಷ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದೋರಿಗೆಲ್ಲ ಇ-ಇನ್ವಾಯ್ಸ್ (ಸರ್ಕಾರದ ಪೋರ್ಟಲಲ್ಲಿ ದಾಖಲು ಮಾಡೋ ಬಿಲ್) ಕಡ್ಡಾಯ ಆಯ್ತು, ಅಡಿಕೆಯಲ್ಲಿ 5 ಕೋಟಿ ದೊಡ್ಡ ಅಂಕಿ ಏನಲ್ಲ, ಸುಮಾರು ಜನ ಅದಕ್ಕಾಗೇ ಹುಡುಕ್ಕೊಂಡು ಬಂದ್ರು. ಈಗ 42 ಪಾರ್ಟಿ (ಗಿರಾಕಿಗಳು) ಇದ್ದಾರೆ, ಕಿರಾಣಿ ಅಂಗಡಿ, ಹಾರ್ಡ್‌ವೇರ್, ಕುಮಟಾ ಕಡೆಯ ಒಂದು ಗೇರುಬೀಜದ ಕಾರ್ಖಾನೆ (ರೈತರಿಂದ ಹಸಿ ಗೇರುಬೀಜ ಕೊಂಡ್ರೆ ಕೊಂಡವರೇ ತೆರಿಗೆ ಕಟ್ಟಬೇಕು, ಅದು ಗೊತ್ತಿದ್ದಿದ್ದಕ್ಕೇ ಆ ಪಾರ್ಟಿ ಸಿಕ್ಕಿದ್ದು). ಸರಾಸರಿ ತಿಂಗಳಿಗೆ 700, ಅಂದ್ರೆ 29,400, ಜೊತೆಗೆ ಒಂದು ವಖಾರಿಯ ಪೂರ್ತಿ ಲೆಕ್ಕಕ್ಕೆ 18,000. ಬಾಡಿಗೆ, ಕರೆಂಟು, ಸಾಫ್ಟ್‌ವೇರ್ ಸೇರಿ 6,000 ಹೋಗ್ತದೆ, ಸಹಾಯಕ್ಕಿರೋ ಹುಡುಗಿಗೆ 12,000. ಉಳಿಯೋದು 29,000ದ ಮೇಲೆ, ಜುಲೈಯಿಂದ ಸೆಪ್ಟೆಂಬರ್ ತನಕ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸೀಸನ್ನಲ್ಲಿ ಅದರ ಎರಡರಷ್ಟು. ಆದ್ರೆ ಫೀ ವಸೂಲಿ ಕಷ್ಟ ಇದೆ, ಮಳೆಗಾಲದಲ್ಲಿ ಅಂಗಡಿಯವರು "ಅಡಿಕೆ ಬರ್ಲಿ, ಕೊಡ್ತೆ" ಅಂತಾರೆ, ಕಾಯ್ಬೇಕು. ಟ್ಯಾಕ್ಸ್ ಆಡಿಟ್‌ಗೆ ನಾನು ಸಹಿ ಹಾಕೋ ಹಾಗಿಲ್ಲ, ಅದು ಸಿಎ ಮಾತ್ರ. ನಾನು ಪೂರ್ತಿ ಮಾಡಿದ ಫೈಲಿಗೆ ಆ ಸಹಿಯ ಫೀಸು ನನ್ನದರ ಎಷ್ಟೋ ಪಟ್ಟು ಇರೋದನ್ನ ಪ್ರತಿ ಸೆಪ್ಟೆಂಬರ್ ನೋಡ್ತೀನಿ. ಮೂರನೇ ಸಲ ಐಪಿಸಿಸಿ ಬರೀಬೇಕಿತ್ತು.

ಅದ್ಕೆ ಓಣಿ ಹುಡುಗಿಗೆ ನಾನು ಹೇಳೋದು, ಬಿಕಾಂನಲ್ಲಿ 55 ಪರ್ಸೆಂಟ್ ಇದ್ರೆ ಫೌಂಡೇಶನ್ (ಮೊದಲ ಹಂತ) ಬರೀದೆ ನೇರ ಸಿಎ ಇಂಟರ್‌ಗೆ (ಆಗಿನ ಐಪಿಸಿಸಿ) ಸೇರ್ಬಹುದು, ಆರ್ಟಿಕಲ್‌ಶಿಪ್ (ಸಿಎ ಹತ್ರ ಮಾಡೋ ತರಬೇತಿ) ಮೊದ್ಲು ಮೂರು ವರ್ಷ ಇದ್ದಿದ್ದು ಈಗ ಎರಡೇ ವರ್ಷ, ಮನೇಲಿ ಎರಡು ಮೂರು ವರ್ಷ ತಡೀತಾರೆ ಅಂದ್ರೆ ಮೊದ್ಲು ಅದಕ್ಕೆ ಪ್ರಯತ್ನ ಮಾಡು. ತಡೆಯಲ್ಲ ಅಂದ್ರೆ ಟ್ಯಾಲಿ ಕಲಿತು ಕೆಲಸಕ್ಕೆ ಸೇರು. ನಾನು ನೋಡಿದ ಹಾಗೆ ಈಗ ಶಿರಸಿಯಲ್ಲಿ ಹೊಸಬ್ರಿಗೆ 9ರಿಂದ 12 ಸಾವಿರ, ಜಿಎಸ್‌ಟಿ, ಟಿಡಿಎಸ್, ವರ್ಷದ ಕ್ಲೋಸಿಂಗ್ ಒಬ್ಬಳೇ ಮಾಡೋ ಹಾಗಾದ್ರೆ 20ರಿಂದ 25, ಬೆಂಗಳೂರಲ್ಲಿ ಶುರುವಲ್ಲೇ ಕೈಗೆ 18ರಿಂದ 22. ಸೇರೋ ಮುಂಚೆ ಪಿಎಫ್ ಇದ್ಯಾ ಕೇಳು, ವೇರಿಯಬಲ್ ಎಷ್ಟು ಕೇಳು, ಲೇಟ್ ಫೀ ಬಿದ್ರೆ ಯಾರು ಕಟ್ಟೋದು ಅಂತ ನಾಚಿಕೆ ಬಿಟ್ಟು ಕೇಳು. ಮತ್ತೆ ಮಾರ್ಕ್ಸ್‌ಕಾರ್ಡ್ ಒರಿಜಿನಲ್ ಯಾರ ಹತ್ರವೂ ಬಿಟ್ಟು ಬರ್ಬೇಡ. ನಾನು ಒಂದು ಕಡೆ ಕೊಟ್ಟು, ಕೆಲಸ ಬಿಟ್ಟ ಮೇಲೆ ಅದನ್ನ ವಾಪಸ್ ತಗೊಳಕ್ಕೆ ನಾಲ್ಕು ತಿಂಗಳು ಅಲೆದಿದೀನಿ. ಒರಿಜಿನಲ್ ತೋರ್ಸು, ಜೆರಾಕ್ಸ್ ಕೊಡು, ಒರಿಜಿನಲ್ ಚೀಲಕ್ಕೆ ಹಾಕ್ಕೊಂಡು ಮನೆಗೆ ತಗೊಂಡ್ ಬಾ.