ಕ್ರೋಟನ್‌ಗೆ ಬಣ್ಣ ಬರುವುದು ಬಿಸಿಲಿನಿಂದ

ನರ್ಸರಿಯಲ್ಲಿ ಕೆಂಪು, ಹಳದಿ, ಕಿತ್ತಳೆ ಅಂತ ಮಿಂಚುತ್ತಿದ್ದ ಕ್ರೋಟನ್ ಮನೆಗೆ ಬಂದ ಮೇಲೆ ಬರೀ ಹಸಿರು ಎಲೆ ಬಿಡುತ್ತಿದೆ ಅನ್ನುವ ದೂರು ಬಹಳ ಕೇಳಿಬರುತ್ತದೆ. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಒಂದು ಹಿಡಿ ಯೂರಿಯಾ ಹಾಕುತ್ತಾರೆ. ಯೂರಿಯಾದಲ್ಲಿ ಇರುವುದು ಸಾರಜನಕ, ಅದರಿಂದ ಎಲೆ ಇನ್ನಷ್ಟು ಹಸಿರಾಗುತ್ತದೆ. ಗಿಡಕ್ಕೆ ಬೇಕಾಗಿದ್ದು ಬೆಳಕು.

ಹಾಗಾಗಿ ಗಿಡ ತರುವ ಮೊದಲು ಜಾಗ ನೋಡಿ. ಮನೆಯ ಪೂರ್ವ ದಿಕ್ಕಿನ ಕಂಪೌಂಡ್ ಬದಿ ಸಿಕ್ಕರೆ ಬೇರೆ ಕಡೆ ಹುಡುಕಬೇಡಿ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ನಾಲ್ಕೈದು ತಾಸು ಬಿಸಿಲು ಬಿದ್ದರೆ ಬಣ್ಣ ಚೆನ್ನಾಗಿ ಬರುತ್ತದೆ. ಪಶ್ಚಿಮದ ಗೋಡೆ ಬದಿ ನೆಟ್ಟರೆ ಏಪ್ರಿಲ್, ಮೇ ತಿಂಗಳ ಇಳಿಹೊತ್ತಿನ ಬಿಸಿಲಿಗೆ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಹುಬ್ಬಳ್ಳಿಯಲ್ಲೇ ಹೀಗೆ, ಗದಗದ ಕಡೆ ಕೇಳಲೇಬೇಡಿ. ನೆರಳಿನ ಜಾಗವೊಂದೇ ಇದ್ದರೆ ಗೋಲ್ಡ್ ಡಸ್ಟ್ ತಳಿ ತನ್ನಿ. ಹಸಿರು ಎಲೆಯ ಮೇಲೆ ಹಳದಿ ಚುಕ್ಕೆ ಎರಚಿದಂತೆ ಇರುತ್ತದೆ, ಕಡಿಮೆ ಬೆಳಕಿಗೂ ಅಷ್ಟಾಗಿ ಮುನಿಯುವುದಿಲ್ಲ. ಅಗಲ ಎಲೆಯ ಪೆಟ್ರಾ, ಎಲೆ ತಿರುಚಿಕೊಂಡಿರುವ ಮ್ಯಾಮಿ, ಇವಕ್ಕೆ ಬಿಸಿಲು ಬೇಕೇ ಬೇಕು.

ಎರೆಮಣ್ಣಿನಲ್ಲಿ ಗುಂಡಿ ತೋಡುವ ಮುಂಚೆ

ಕ್ರೋಟನ್ ಇಂಡೋನೇಷ್ಯಾ, ಮಲೇಷ್ಯಾ, ಪೆಸಿಫಿಕ್ ದ್ವೀಪಗಳ ಕಡೆಯ ಗಿಡ. ಮಳೆ ಬೇಕು, ಆದರೆ ಬೇರಿನಲ್ಲಿ ನೀರು ನಿಲ್ಲಬಾರದು. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು ಇರುವಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗದ ಕಡೆ ಎರೆಮಣ್ಣು. ಇದು ನೀರು ಕುಡಿದರೆ ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ.

ಇಲ್ಲಿ ಬಹಳ ಜನ ಏನು ಮಾಡುತ್ತಾರೆ ಅಂದರೆ, ಎರಡು ಅಡಿ ಗುಂಡಿ ತೋಡಿ, ಒಳ್ಳೆಯ ಕೆಂಪು ಮಣ್ಣು, ಗೊಬ್ಬರ ತುಂಬಿ ನೆಡುತ್ತಾರೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಮಳೆ ಬಂದಾಗ ಸುತ್ತಲಿನ ನೀರೆಲ್ಲ ಈ ಸಡಿಲ ಮಣ್ಣಿಗೆ ಇಳಿಯುತ್ತದೆ, ಕೆಳಗೆ ಎರೆಮಣ್ಣು ತಡೆದು ನಿಲ್ಲಿಸುತ್ತದೆ. ಗುಂಡಿ ಹೋಗಿ ತೊಟ್ಟಿಯಾಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬೇರು ಕೊಳೆತು, ಎಲೆ ಒಂದೊಂದೇ ಉದುರುತ್ತದೆ.

ಅನುಮಾನ ಇದ್ದರೆ ಒಂದು ಅಡಿ ಗುಂಡಿ ತೋಡಿ ಅರ್ಧ ಕೊಡ ನೀರು ಸುರಿಯಿರಿ. ಮರುದಿನ ಬೆಳಗ್ಗೆಯೂ ನೀರು ಕಂಡರೆ ಗುಂಡಿಯಲ್ಲಿ ನೆಡುವ ಯೋಚನೆ ಬಿಡಿ. ನೆಲದ ಮೇಲೆಯೇ ಇಟ್ಟಿಗೆ ಜೋಡಿಸಿ ಒಂದು ಅಡಿ ಎತ್ತರದ ಮಡಿ ಕಟ್ಟಿ. ಅದಕ್ಕೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ ತುಂಬಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ಹೊಸ ಲೇಔಟ್‌ಗಳಲ್ಲಿ ಮನೆ ಕಟ್ಟಿದ ಸಿಮೆಂಟು, ಸುಣ್ಣದ ಚೂರು ಮಣ್ಣಲ್ಲಿ ಸೇರಿರುತ್ತವೆ, ಅವನ್ನೂ ಆರಿಸಿ ತೆಗೆಯಿರಿ. ಕ್ರೋಟನ್‌ಗೆ ಸುಣ್ಣದ ಮಣ್ಣು ಒಗ್ಗುವುದಿಲ್ಲ.

ನೆಡಲು ಮೃಗಶಿರಾ ಮಳೆ ಶುರುವಾಗುವ ಹೊತ್ತು, ಅಂದರೆ ಜೂನ್ ಎರಡನೇ ವಾರ ಒಳ್ಳೆಯದು. ಪಾಟಿನಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಷ್ಟೇ ಆಳಕ್ಕೆ ಇಡಿ. ಸಾಲಾಗಿ ಬೇಲಿಯಂತೆ ಬೆಳೆಸುವುದಾದರೆ ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಇರಲಿ. ನೆಟ್ಟ ಮೊದಲ ವಾರಗಳಲ್ಲಿ ಒಂದಿಷ್ಟು ಎಲೆ ಉದುರುತ್ತದೆ. ಜಾಗ ಬದಲಾದರೆ ಈ ಗಿಡದ ಸ್ವಭಾವವೇ ಹಾಗೆ. ಗಾಬರಿಯಿಂದ ಕಿತ್ತು ಬೇರೆ ಕಡೆ ಇಟ್ಟರೆ ಮತ್ತೆ ಉದುರುತ್ತದೆ ಅಷ್ಟೇ.

ನೀರಿನ ಲೆಕ್ಕಕ್ಕೆ ಬೆರಳೇ ಸಾಕು. ಎರಡು ಗಣ್ಣಿನಷ್ಟು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಬೇಸಿಗೆಯ ಮಧ್ಯಾಹ್ನ ಎಲೆ ಜೋತು ಬಿದ್ದು, ಸಂಜೆಗೆ ತಾನೇ ಎದ್ದು ನಿಂತರೆ ನೀರಿನ ಕೊರತೆ ಅಲ್ಲ. ನಮ್ಮ ಊರುಗಳಲ್ಲಿ ನಳದ ನೀರು ಬರುವ ದಿನ ಎಲ್ಲ ಗಿಡಕ್ಕೂ ಪೈಪ್ ಹಿಡಿಯುವ ರೂಢಿ ಇದೆ ಅಲ್ವಾ? ಕ್ರೋಟನ್‌ಗೆ ಅದು ಬೇಡ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಸಿದರೆ ತೇವ ಜಾಸ್ತಿ ದಿನ ಉಳಿಯುತ್ತದೆ.

ಒಂದು ಗಿಡದಿಂದ ಹತ್ತು

ಬೇಲಿಗೆ ಬೇಕಾದಷ್ಟು ಗಿಡ ದುಡ್ಡು ಕೊಟ್ಟು ತರುವುದು ಸುಮ್ನೆ ದಂಡ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕೊಂಬೆಯ ತುದಿಯನ್ನು ಗೇಣುದ್ದ ಕತ್ತರಿಸಿ. ಕತ್ತರಿಸಿದ ಕೂಡಲೇ ಹಾಲಿನಂಥ ರಸ ತೊಟ್ಟಿಕ್ಕುತ್ತದೆ. ಬಟ್ಟೆಗೆ ತಾಗಿದರೆ ಕಂದು ಕಲೆ ಹೋಗುವುದಿಲ್ಲ, ಕೆಲವರಿಗೆ ಚರ್ಮ ತುರಿಸುತ್ತದೆ. ಕೈಗೆ ಗವಸು ಹಾಕಿ, ಕಣ್ಣು ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ಕತ್ತರಿಸಿದ ಬದಿಯನ್ನು ನೀರಲ್ಲಿ ಅದ್ದಿ ರಸ ನಿಂತ ಮೇಲೆ ಕೆಳಗಿನ ಎಲೆ ಕಿತ್ತು, ಮೇಲೆ ಮೂರ್ನಾಲ್ಕು ಉಳಿಸಿ. ಅವು ಅಗಲ ಎಲೆಗಳಾದರೆ ಅರ್ಧಕ್ಕೆ ಕತ್ತರಿಸಿ, ಇಲ್ಲದಿದ್ದರೆ ಬೇರಿಲ್ಲದ ಕಡ್ಡಿಯ ನೀರನ್ನೆಲ್ಲ ಅವೇ ಹೀರಿಬಿಡುತ್ತವೆ. ಮರಳು ಬೆರೆಸಿದ ತೇವದ ಮಣ್ಣಿಗೆ ನೆಟ್ಟು, ಪ್ಲಾಸ್ಟಿಕ್ ಚೀಲ ಕವುಚಿ ನೆರಳಲ್ಲಿಡಿ. ನಾಲ್ಕರಿಂದ ಆರು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಜಗ್ಗಿದಾಗ ಕಡ್ಡಿ ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಬಿಟ್ಟಿದೆ ಅಂತ ಲೆಕ್ಕ.

ಫೆಬ್ರುವರಿಯಿಂದ ಒಣ ಗಾಳಿ ಶುರುವಾದಾಗ ಎಲೆಯ ಕೆಳಗೆ ಕಣ್ಣಿಡಿ. ಸಣ್ಣ ಬಲೆ, ಎಲೆ ಮೇಲೆ ಬಣ್ಣ ಮಾಸಿದ ಚುಕ್ಕೆ ಕಂಡರೆ ನುಸಿ. ಕೆಳಗಿನಿಂದ ಮೇಲಕ್ಕೆ ಜೋರಾಗಿ ನೀರು ಹೊಡೆದರೇ ಅರ್ಧ ಹೋಗುತ್ತದೆ. ಉಳಿದವಕ್ಕೆ, ಬಿಳಿ ಹತ್ತಿಯಂತೆ ಅಂಟುವ ಹಿಟ್ಟು ತಿಗಣೆಗೂ ಸೇರಿ, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸಾಬೂನು ನೀರು ಕಲಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಉದ್ದಕ್ಕೆ ಬೆಳೆದು ಬುಡ ಬೋಳಾದ ಗಿಡವನ್ನು ಎಸೆಯಬೇಡಿ. ಮಳೆ ಶುರುವಾಗುವಾಗ ನೆಲದಿಂದ ಒಂದೂವರೆ ಅಡಿಗೆ ಕಡಿದರೆ ಕೆಳಗಿನಿಂದ ಹೊಸ ಚಿಗುರು ಒಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಕತ್ತರಿ ಹಿಡಿಯಬೇಡಿ. ಧಾರವಾಡದ ಚಳಿಗೆ ಚಿಗುರು ಏಳುವುದಿಲ್ಲ.