ಶಾಸನಕ್ಕೆ ಸರಿಯಾದ ಅಡಿಟಿಪ್ಪಣಿ ಬರೆಯುವುದು: ನನ್ನ ಅನುಭವ

ಹರಿಹರ ಮತ್ತು ಚಿತ್ರದುರ್ಗದ ಸುತ್ತಲಿನ ಶಾಸನಗಳ ಮೇಲೆ ನಾನು ಪಿಎಚ್.ಡಿ. ಮಾಡಿದೆ. ದಾವಣಗೆರೆಯಲ್ಲೇ ಕೂತು ಬರೆದೆ. ವಿಷಯದ ಬಗ್ಗೆ ಗೈಡ್ ಜೊತೆ ಎಷ್ಟು ಬೇಕಾದರೂ ಮಾತಾಡಬಹುದು. ಆದರೆ ಆಕರವನ್ನು ಹೇಗೆ ಕೊಡಬೇಕು ಅನ್ನೋದನ್ನು ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. ಅದಕ್ಕೇ ನಾನು ಹಿಡಿದ ದಾರಿಯನ್ನು ಬರೆಯುತ್ತಿದ್ದೇನೆ.

ನಾನು ನೋಡಿದ ಸಾಲನ್ನೇ ಓದುಗರೂ ಹುಡುಕಿ ತೆಗೆಯುವಂತಿರಬೇಕು. ನನ್ನ ಅಡಿಟಿಪ್ಪಣಿಗಳಿಗೆಲ್ಲ ಇದೊಂದೇ ಅಳತೆ. ಶಾಸನಗಳಲ್ಲಿ ಇದು ಅಷ್ಟು ಸುಲಭ ಅಲ್ಲ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಕೂಡಿಸಿ ಅಚ್ಚುಹಾಕಿದ ಸಂಪುಟಗಳ ಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ'. ಅದರ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಈ ಸಂಪುಟದಲ್ಲಿ ಮೂಲಪಾಠ, ಲಿಪ್ಯಂತರ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ. ಹಾಗಾಗಿ ಬರೀ ಪುಟಸಂಖ್ಯೆ ಕೊಟ್ಟರೆ ಯಾವ ಭಾಗದ ಪುಟ ಅಂತ ಗೊತ್ತಾಗುವುದಿಲ್ಲ. ಶಾಸನಗಳ ಸಂಖ್ಯೆಯೂ ಪ್ರತಿ ತಾಲ್ಲೂಕಿಗೆ ಒಂದರಿಂದ ಶುರುವಾಗುತ್ತದೆ. ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಇದ್ದರೇ ಅದು ಪೂರ್ತಿ ಆಕರ.

ತಾಲ್ಲೂಕಿನಲ್ಲೂ ಒಂದು ತೊಡಕಿದೆ. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿನ ಶಾಸನಗಳು ಬೇಕಾದರೆ ಇದೇ ಸಂಪುಟದ ದಾವಣಗೆರೆ ತಾಲ್ಲೂಕಿನ ಪಟ್ಟಿ ತೆಗೆಯಬೇಕು. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿವರೆಗೆ ಇದೆಲ್ಲ ಚಿತ್ರದುರ್ಗ ಜಿಲ್ಲೆಯೇ. ಅಡಿಟಿಪ್ಪಣಿಯಲ್ಲಿ 'ಹರಿಹರ ತಾಲ್ಲೂಕು' ಅಂತ ಈಗಿನ ಹೆಸರಿಗೆ ತಿದ್ದಿ ಬರೆದರೆ ಓದುವವರು ಸುಮ್ನೆ ಪುಟ ತಿರುಗಿಸುತ್ತಾ ಕೂರಬೇಕಾಗುತ್ತದೆ. ಅದಕ್ಕೆ ಪ್ರಬಂಧದ ಒಳಗೆ ಈಗಿನ ಜಿಲ್ಲೆ, ತಾಲ್ಲೂಕು ಬರೆದೆ. ಅಡಿಟಿಪ್ಪಣಿಯಲ್ಲಿ ಮಾತ್ರ ಸಂಪುಟದಲ್ಲಿ ಅಚ್ಚಾದ ಹಾಗೆಯೇ ಇಟ್ಟೆ. ಮುಖಪುಟದ ಮೇಲಿನ ಹಳೆಯ 'ಚಿತಲ್‌ದ್ರೂಗ್' ಅನ್ನೋ ಕಾಗುಣಿತವನ್ನೂ ಮುಟ್ಟಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಉತ್ಖನನದ ವಿಷಯದಲ್ಲಿ ಇನ್ನೊಂದು ತರಹದ ಎಚ್ಚರ ಬೇಕಾಯಿತು. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಅಗೆಸಿದ್ದು ಎಷ್ಟೋ ಪುಸ್ತಕಗಳಲ್ಲಿ ಬರುತ್ತದೆ. ಆದರೆ ಮೂಲ ವರದಿ ಇರುವುದು 'ಏನ್ಶಿಯಂಟ್ ಇಂಡಿಯಾ' ಪತ್ರಿಕೆಯ 4ನೇ ಸಂಚಿಕೆಯಲ್ಲಿ, 180ರಿಂದ 310ನೇ ಪುಟದವರೆಗೆ. ಅದನ್ನು ಓದಿದ ಮೇಲೆಯೇ ವೀಲರ್ ಹೆಸರು ಹಾಕಿದೆ. ಮೂಲ ಕೈಗೆ ಸಿಗದ ಕಡೆ, ನಾನು ಓದಿದ ಪುಸ್ತಕದ ಹೆಸರನ್ನೇ ಕೊಟ್ಟು 'ಇದರಲ್ಲಿ ಉಲ್ಲೇಖಿತ' ಅಂತ ಬರೆದೆ. ನೋಡದ್ದನ್ನು ನೋಡಿದೆ ಅನ್ನುವುದು ನನ್ನಿಂದಾಗದು.

ಆಕರ ಕೊಡುವ ಶೈಲಿ ಯಾವುದು ಅನ್ನೋದನ್ನು ನಿಮ್ಮ ವಿಶ್ವವಿದ್ಯಾಲಯದ ನಿಯಮ ನೋಡಿ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎಪಿಎ ಶೈಲಿಯಲ್ಲಿ ವಾಕ್ಯದ ನಡುವೆಯೇ ಆವರಣದಲ್ಲಿ ಲೇಖಕರ ಹೆಸರಿನ ಜೊತೆ ವರ್ಷ ಬರುತ್ತದೆ, ಎಂಎಲ್‌ಎಯಲ್ಲಿ ಪುಟ. ಇತಿಹಾಸದವರಿಗೆ ಶಿಕಾಗೋ ಶೈಲಿಯ ಅಡಿಟಿಪ್ಪಣಿಯೇ ಅನುಕೂಲ. ಶಾಸನದ ಇಷ್ಟು ವಿವರವನ್ನು ವಾಕ್ಯದ ನಡುವೆ ಆವರಣದೊಳಗೆ ತುರುಕಿದರೆ ಓದೋಕೇ ಆಗಲ್ಲ.

ಆಕರಗಳನ್ನು ಕೂಡಿಡುವುದಕ್ಕೆ ಉಚಿತವಾಗಿ ಸಿಗುವ ಜೊಟೆರೋ ಅನ್ನೋ ತಂತ್ರಾಂಶ ಬಳಸಿದೆ. ನಮ್ಮ ಹೆಸರುಗಳೇ ಅದಕ್ಕೆ ಒಗ್ಗುವುದಿಲ್ಲ. ಮುಂದಿರುವ ಇನಿಷಿಯಲ್ ಊರಿನದೋ ತಂದೆಯದೋ ಇರುತ್ತದೆ, ಹಿಂದಿರುವುದು ಲೇಖಕರ ಸ್ವಂತ ಹೆಸರು. ಹಾಗಾಗಿ ಕುಟುಂಬದ ಹೆಸರಿನ ಜಾಗದಲ್ಲಿ ಸ್ವಂತ ಹೆಸರು ಹಾಕಿ, ಇನಿಷಿಯಲ್‌ಗಳನ್ನು ಇನ್ನೊಂದು ಜಾಗದಲ್ಲಿಟ್ಟೆ. ಕನ್ನಡ ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಬೇರೆಯೇ ಮಾಡಿದೆ.

ಟೈಪಿಂಗ್ ಪೂರ್ತಿ ಯುನಿಕೋಡ್‌ನಲ್ಲೇ ಮಾಡಿ. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೂರಿಸಿದ್ದು) ಇನ್ನೂ ಓಡುತ್ತಿದೆ. ಆ ಫೈಲ್‌ನಿಂದ ಜೊಟೆರೋಗೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಂದಲ ಬರುತ್ತದೆ. ಪರಿವರ್ತಕದಲ್ಲಿ ಹಾಕಿ ತೆಗೆದರೂ ಅರ್ಕಾವತ್ತು, ಒತ್ತಕ್ಷರ ಸರಿಯಾಗಿವೆಯಾ ಅಂತ ಒಂದೊಂದೇ ಸಾಲು ನೋಡಬೇಕು. ಅಧ್ಯಾಯದ ತಲೆಬರಹಗಳಿಗೆ ವರ್ಡ್‌ನ ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನಾಗಿಯೇ ಬರುತ್ತದೆ. ಬೈಂಡಿಂಗ್‌ಗೆ ಎಡಗಡೆ ಒಂದೂವರೆ ಇಂಚು ಬಿಟ್ಟೆ.

ಕೃತಿಚೌರ್ಯದ ಪರೀಕ್ಷೆಗೆ ಹೆದರುವವರು ಜಾಸ್ತಿ, ಅಲ್ವಾ? 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಸರಿಯಾಗಿ ಆಕರ ಕೊಟ್ಟ ಉದ್ಧರಣೆಗಳು, ಗ್ರಂಥಸೂಚಿ ಆ ಲೆಕ್ಕಕ್ಕೆ ಬರುವುದಿಲ್ಲ. ಶಾಸನದ ಸಾಲುಗಳನ್ನು ಎತ್ತಿಕೊಂಡ ಕಡೆಯೆಲ್ಲ ಉದ್ಧರಣ ಚಿಹ್ನೆ ಹಾಕಿ, ಅಡಿಟಿಪ್ಪಣಿ ಕೊಟ್ಟೆ.

ಸಲ್ಲಿಸುವ ಮೊದಲು ಪೂರ್ತಿ ಪ್ರಿಂಟ್ ತೆಗೆಸಿದೆ. ಗೆಳತಿಯೊಬ್ಬಳು ಅಡಿಟಿಪ್ಪಣಿ ಓದುತ್ತಾ ಹೋದಳು, ನಾನು ಗ್ರಂಥಸೂಚಿಯಲ್ಲಿ ಅದಕ್ಕೆ ಸರಿಯಾದ ಪುಸ್ತಕಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಗುರುತು ಬೀಳದ ಪುಸ್ತಕಗಳನ್ನು ಪಟ್ಟಿಯಿಂದ ತೆಗೆದೆ.