ಗುಜರಿ ದರಕ್ಕೆ ಸಿಕ್ಕ ವಾಡ್ಕಿನ್

ಹಳೆಯ ಪ್ಲೇನರ್ ಮೆಷಿನ್ನೊಂದನ್ನು ಛೋಟಾ ಹಾಥಿ ಗಾಡಿಯಿಂದ ಇಳಿಸುವ ಹೊತ್ತಿಗೆ ನಮ್ಮ ಓಣಿಯ ಬಡಿಗೇರ ಕಾಕಾ ಬಂದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು: “ಏನಪಾ, ಗುಜರಿ ಅಂಗಡಿ ಇಡಾಂವ ಅದೀಯೇನ?”

ತುಕ್ಕು ಹಿಡಿದ ಟೇಬಲ್ಲು, ತುಂಡಾದ ಹ್ಯಾಂಡ್‌ವ್ಹೀಲು, ಮೇಲೆಲ್ಲ ಪಾರಿವಾಳದ ಹಿಕ್ಕೆ. ಕಾಕಾನ ತಪ್ಪಿಲ್ಲ ಬಿಡಿ. ಅದಕ್ಕೂ ಮೊದಲು ಎರಡು ಸಲ ನಾನು ಟೋಪಿ ಹಾಕಿಸಿಕೊಂಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಇವತ್ತು ಅದೇ ಮೆಷಿನ್ನು, 12 ಇಂಚಿನ ವಾಡ್ಕಿನ್ ಸರ್ಫೇಸ್ ಪ್ಲೇನರ್ (ಹಲಗೆ ಹೆರೆದು ಸಪಾಟು ಮಾಡುವ ಯಂತ್ರ), ಆರಡಿ ಸಾಗವಾನಿ ಹಲಗೆಯನ್ನು ಎರಡು ಪಾಸಿನಲ್ಲಿ ಸಾಫು ಮಾಡಿ ಕೊಡುತ್ತದೆ. ಅಂಚಿಗೆ ಅಂಚು ಕೂಡಿಸಿ ಬಲ್ಬಿಗೆ ಅಡ್ಡ ಹಿಡಿದರೆ ನಡುವೆ ಬೆಳಕು ನುಸುಳುವುದಿಲ್ಲ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ, ಐದು ವರ್ಷ ಅಲೆದಿದ್ದೇನೆ.

ಮೊದಲ ಟೋಪಿ 38 ಸಾವಿರದ್ದು. ದಲಾಲನೊಬ್ಬನ ಗೋಡೌನಿನಲ್ಲಿ ಮಿರಿಮಿರಿ ಹಸಿರು ಪೇಂಟು ಹೊಡೆದ ಪ್ಲೇನರ್ ನಿಂತಿತ್ತು. ಗುಂಡಿ ಒತ್ತಿದರೆ ಜೇನುಹುಳದಂತೆ ಗುಂಯ್ ಅಂದಿತು. ಮನಸ್ಸು ಸೋತು ಅಲ್ಲೇ ರೊಕ್ಕ ಎಣಿಸಿದೆ. ಮೂರನೇ ವಾರ ಔಟ್‌ಫೀಡ್ ಟೇಬಲ್, ಅಂದರೆ ಹಲಗೆ ಹೊರಬರುವ ಕಡೆಯದು, ಒಂದು ಮೂಲೆಯಲ್ಲಿ ಇಳಿಯತೊಡಗಿತು. ಪೇಂಟು ಕೆರೆದು ನೋಡಿದರೆ ಒಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಟೇಬಲ್ ಜಾರುವ ಡವ್‌ಟೇಲ್ ಗಾಡಿಯ ಉದ್ದಕ್ಕೂ ಬಿರುಕು. 11 ಸಾವಿರಕ್ಕೆ ಗುಜರಿಗೆ ಹೋಯಿತು. ಈಗ ಹಳೆ ಮೆಷಿನ್ನಿಗೆ ಹೊಸ ಪೇಂಟು ಕಂಡರೆ ಚಹಾ ಕುಡಿದು ಎದ್ದು ಬರುತ್ತೇನೆ.

ಎರಡನೆಯದು ಆನ್‌ಲೈನ್ ಹರಾಜು. ಫೋಟೋದಲ್ಲಿ ಎಲ್ಲ ಇತ್ತು. ‘ಇದ್ದಲ್ಲಿ, ಇದ್ದ ಹಾಗೆ’ ಅಂತ ಷರತ್ತಿನಲ್ಲಿ ಬರೆದಿರುತ್ತಾರೆ, ಅದನ್ನು ನಾವು ಓದುವುದಿಲ್ಲ. ನನಗೆ ಬೇಕಾದದ್ದು ಒಂದೇ ಮೆಷಿನ್ನು, ಆದರೆ ಎಂಟು ಟನ್ನಿನ ಲಾಟು ಪೂರಾ ಎತ್ತಬೇಕು. ಗುಜರಿಯವನೊಬ್ಬನನ್ನು ಪಾಲಿಗೆ ಕರೆದುಕೊಂಡೆ. ಎತ್ತಲು ಹೋದ ದಿನ ನೋಡಿದರೆ ಮೋಟರ್ ಇಲ್ಲ, ಹಲಗೆಗೆ ಆಸರೆಯಾಗುವ ಫೆನ್ಸ್ ಇಲ್ಲ, ಬ್ಲೇಡ್ ಇಲ್ಲ, ಹಿತ್ತಾಳೆಯ ಹೆಸರಿನ ಪಟ್ಟಿ ಸಹ ಯಾರೋ ಕಿತ್ತಿದ್ದರು. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕೈಬಿಟ್ಟದ್ದು 14 ಸಾವಿರವೋ 15 ಸಾವಿರವೋ, ಸರಿಯಾದ ಲೆಕ್ಕ ನನ್ನ ಹೆಂಡತಿಗೆ ಗೊತ್ತು.

ನಡುನಡುವೆ ಸಾಮಿಲ್ಲುಗಳನ್ನೂ ಸುತ್ತಿದೆ. ಅಲ್ಲಿಯ ಪ್ಲೇನರುಗಳದ್ದು ದನದ ದುಡಿಮೆ. ಹಸಿ ಕಟ್ಟಿಗೆ, ಮೊಳೆ, ಮರಳು ಎಲ್ಲ ತಿಂದು ಟೇಬಲ್ ನಡುವೆ ಹಳ್ಳ ಬಿದ್ದಿರುತ್ತದೆ. ಬ್ಯಾಂಡ್ ಸಾ ಬೇಕಾದವರು ಹೋಗಲಿ, ಆದರೆ ಮೆಷಿನ್ ನೋಡುವ ಮೊದಲು ಅರಣ್ಯ ಇಲಾಖೆಯ ಕಾಗದ ನೋಡಲಿ.

ದಾರಿ ಸಿಕ್ಕಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿ, ಅದೂ ಬೇರೆ ಕೆಲಸಕ್ಕೆ ಹೋದಾಗ. ಒಂದು ಪುಲ್ಲಿ ಎರಕ ಹೊಯ್ಯಿಸಲು ಫೌಂಡ್ರಿಗೆ ಹೋಗಿದ್ದೆ. ಕಾಯುತ್ತ ಕಾಯುತ್ತ ಹಿಂದಿನ ಪ್ಯಾಟರ್ನ್ ಶಾಪಿಗೆ ನುಗ್ಗಿದೆ. ಕಟ್ಟಿಗೆಯ ಪ್ಯಾಟರ್ನು, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡುವ ಕೋಣೆ. ಈಗ ಹೆಚ್ಚಿನ ಕಡೆ ಅಲ್ಯೂಮಿನಿಯಂ ಪ್ಯಾಟರ್ನು, ಇಲ್ಲವೆ ಸಿಎನ್‌ಸಿಯಲ್ಲಿ ಕೊರೆದ ರೆಸಿನ್ ಹಲಗೆ. ಕಟ್ಟಿಗೆ ಕೆಲಸದವರು ವಯಸ್ಸಾಗಿ ಮನೆಗೆ ಹೋದರು, ಮೆಷಿನ್ನು ಮೂಲೆಯಲ್ಲಿ ಉಳಿದವು. ಅವತ್ತು ನನ್ನ ತಲೆಗೆ ಹೊಳೆದದ್ದು ಇಷ್ಟೇ: ಪ್ಯಾಟರ್ನ್ ಮಾಡುವವನು ಕೂದಲೆಳೆಯ ಲೆಕ್ಕದವನು. ಅವನ ಮೆಷಿನ್ನು ದಿನಕ್ಕೆ ಒಂದು ತಾಸು ಓಡಿದರೆ ಹೆಚ್ಚು, ಅದೂ ಒಣಗಿದ ಸಾಗವಾನಿಯ ಮೇಲೆ. ಟೇಬಲ್ ಸವೆಯುವುದಾದರೂ ಯಾವಾಗ? ನಮ್ಮವರು ಇದನ್ನು ನಂಬಲಿಲ್ಲ. “ಫೌಂಡ್ರ್ಯಾಗ ಕಟಗಿ ಮಿಷಿನ್ ಎಲ್ಲಿಂದ ಬರ್ತಾವೋ?” ಅಂದರು.

ಉದ್ಯಮಬಾಗದಲ್ಲೇ ಹನ್ನೊಂದು ಶಾಪು ನೋಡಿದೆ, ಕೊಲ್ಹಾಪುರದ ಶಿರೋಳಿಯಲ್ಲಿ ನಾಲ್ಕೋ ಐದೋ. ಕೊನೆಗೆ ವಾಡ್ಕಿನ್ ಕಂಡದ್ದು ಯಾವ ಶಾಪಿನಲ್ಲಿ, ಸುದ್ದಿ ಕೊಟ್ಟವರು ಯಾರು ಅನ್ನುವುದನ್ನು ಮಾತ್ರ ಕೇಳಬೇಡಿ. ಅವರು ನನಗೆ ಇನ್ನೂ ಬೇಕಾದವರು.

ವಾಡ್ಕಿನ್ ಅಂದರೆ ಇಂಗ್ಲೆಂಡಿನ ಲೆಸ್ಟರ್ ಊರಿನದು, 1897ರಲ್ಲಿ ಶುರುವಾದ ಕಂಪನಿ. ನಮಗೆ ಅದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಅಲ್ಲಿಯ ಕರೆಂಟೂ ನಮ್ಮ ಹಾಗೆ 50 ಸೈಕಲ್, ತ್ರೀ ಫೇಸ್ 415 ವೋಲ್ಟ್. ಅಮೆರಿಕದ ಮೆಷಿನ್ನಾದರೆ 60 ಸೈಕಲ್ಲಿನ ಮೋಟರ್, ನಮ್ಮಲ್ಲಿ ಹಚ್ಚಿದರೆ ಆರರಲ್ಲಿ ಐದು ಪಾಲು ವೇಗ ಅಷ್ಟೇ.

ನೋಡುವಾಗ ನಾನು ಮಾಡುವ ಮೊದಲ ಕೆಲಸ, ಸಣ್ಣ ಸುತ್ತಿಗೆಯಿಂದ ಬೀಡನ್ನು ಅಲ್ಲಲ್ಲಿ ಬಡಿಯುವುದು. ಸಂತೆಯಲ್ಲಿ ಗಡಿಗೆ ಬಾರಿಸಿ ತಗೊಂಡ ಹಾಗೆ. ಠಣ್ ಅಂದರೆ ಸರಿ, ದಬ್ ಅಂದರೆ ಬಿರುಕೋ ಪುಟ್ಟಿಯೋ ಇದೆ. ಎರಡನೆಯದು ಬ್ಲಾಕು, ಬ್ಲೇಡು ಹೊತ್ತು ತಿರುಗುವ ಭಾಗ. ಚೌಕ ಬ್ಲಾಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ, ಬೆರಳು ತಿನ್ನುವ ಜಾತಿ ಅದು. ಇದರದ್ದು ದುಂಡು ಬ್ಲಾಕು. ಆಮೇಲೆ ಎರಡೂ ಟೇಬಲ್ಲಿನ ಮೇಲೆ ಪಟ್ಟಿ ಇಟ್ಟು ತಿರುಚು ನೋಡಿದೆ, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದೆ. ಔಟ್‌ಫೀಡ್ ತುದಿಯಲ್ಲಿ ಅರ್ಧ ಎಂಎಂಗಿಂತ ಸ್ವಲ್ಪ ಕಡಿಮೆ ಇಳಿದಿತ್ತು. ಅಷ್ಟು ವಯಸ್ಸಿನ ಮೆಷಿನ್ನಿಗೆ ಅದು ಏನೂ ಅಲ್ಲ.

ಮಾಲಕರಿಗೆ ಅದು ಅಪ್ಪನ ಕಾಲದ್ದು. ಮೆಷಿನ್ನೆಂದು ಬೆಲೆ ಕೇಳಿದ್ದರೆ ಲಕ್ಷ ಅನ್ನುತ್ತಿದ್ದರು, ಅಥವಾ ಕೊಡುವುದೇ ಇಲ್ಲ ಅನ್ನುತ್ತಿದ್ದರು. ತೂಕದ ಮೇಲೆ ಮಾತಾಡಿದೆ. ಆ ಮಾತಿಗೆ ಅವರನ್ನು ತಂದದ್ದು ಹೇಗೆ ಅನ್ನುವುದು ನನ್ನ ಹೊಟ್ಟೆಯಲ್ಲೇ ಇರಲಿ, ಮೂರು ಸಲ ಹೋಗಿದ್ದೆ, ಮೂರನೆಯ ಸಲ ಕುಂದಾ ಒಯ್ದಿದ್ದೆ ಅಂತ ಮಾತ್ರ ಹೇಳುತ್ತೇನೆ. ವೇ ಬ್ರಿಜ್ಜಿನಲ್ಲಿ 480 ಕಿಲೋ ಚಿಲ್ಲರೆ ಬಂತು, ಕಿಲೋಕ್ಕೆ 42 ರೂಪಾಯಿ. ಮೇಲೆ ಒಂದು ಸಾವಿರ ಅವರ ಸಮಾಧಾನಕ್ಕೆ. ಹಳೆಯ ಎರಡಡಿ ಉಕ್ಕಿನ ಸ್ಕೇಲೊಂದು ಗೋಡೆಗೆ ನೇತಾಡುತ್ತಿತ್ತು, ಅದನ್ನೂ ಕೊಟ್ಟರು. ಆ ಸ್ಕೇಲಿನ ಕತೆ ಮುಂದೆ ಬರುತ್ತದೆ.

ಹೇರುವಾಗ ಹಮಾಲರಿಗೆ ಹತ್ತು ಸಲ ಹೇಳಿದ್ದೆ, ಟೇಬಲ್ ಹಿಡಿದು ಎತ್ತಬೇಡಿ, ಹಗ್ಗ ಬಾಡಿಯ ಕೆಳಗೆ ಹಾಕಿ ಅಂತ. ಟೇಬಲ್ ಉಳಿಯಿತು, ಹ್ಯಾಂಡ್‌ವ್ಹೀಲು ಹೋಯಿತು. ನಿಕಲ್ ರಾಡಿನಲ್ಲಿ ವೆಲ್ಡ್ ಹೊಡೆಸಿದೆ, ನಡೆಯುತ್ತಿದೆ.

ಬಿಚ್ಚಲು ಕೂತಾಗ ಯಾವ ಪಾನಾನೂ ಕೂರಲಿಲ್ಲ. 14 ಸಡಿಲು, 13 ಬಿಗಿ. ಎಲ್ಲ ವಿಟ್‌ವರ್ತ್ ಬೋಲ್ಟು, ಹಳೆಯ ಇಂಗ್ಲಿಷ್ ಅಳತೆಯವು. ಇಂಟರ್ನೆಟ್ಟಿನಲ್ಲಿ ವಿಟ್‌ವರ್ತ್ ಪಾನಾ ಸೆಟ್ಟಿಗೆ ಕಣ್ಣು ಬಿಡುವ ಬೆಲೆ. ಹಳೆ ಬುಲೆಟ್ ರಿಪೇರಿ ಮಾಡುವವರನ್ನು ಹಿಡಿಯಿರಿ, ಆ ಗಾಡಿಗಳೂ ಇಂಗ್ಲಿಷ್ ಥ್ರೆಡ್ಡಿನವೇ. ನಮ್ಮ ಮಿಸ್ತ್ರಿಯೊಬ್ಬರು ಎರಡು ವಾರ ಸೆಟ್ಟು ಕೊಟ್ಟರು, ಬಾಡಿಗೆಗೆ ಬದಲು ಅವರ ಅಂಗಡಿಗೆ ಒಂದು ಸ್ಟೂಲ್ ಮಾಡಿಕೊಟ್ಟೆ.

ತುಕ್ಕಿಗೆ ಎಲ್ಲರೂ ಒಂದೊಂದು ಔಷಧ ಹೇಳಿದರು. ಹುಣಸೆಹಣ್ಣಿನ ನೀರು ಸಣ್ಣ ಬೋಲ್ಟಿಗೆ ಬೇಗ ಹತ್ತುತ್ತದೆ, ಟೇಬಲ್ಲಿನ ಮೂಲೆಗೆ ಸವರಿ ನೋಡಿದರೆ ಕಪ್ಪು ಕಲೆ ಕೂತಿತು. ನನಗೆ ಒಗ್ಗಿದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿ. ದನದ ಮೇವಿಗೆ ತರುವವರಿಂದ ಒಂದು ಕ್ಯಾನು ಇಸಕೊಂಡೆ. ಒಂದು ಪಾಲು ಕಾಕಂಬಿ, ಒಂಬತ್ತೋ ಹತ್ತೋ ಪಾಲು ನೀರು, ಅದರಲ್ಲಿ ಬಿಡಿಭಾಗ ಎರಡು ವಾರ. ಬ್ರಷ್ಷಿನಲ್ಲಿ ತಿಕ್ಕಿದರೆ ತುಕ್ಕು ಕೆಸರಿನಂತೆ ಕಳಚುತ್ತದೆ. ನಾತ ಮಾತ್ರ ಸಾರಾಯಿ ಭಟ್ಟಿಯದು, ಪಕ್ಕದ ಮನೆಯವರು ಬೇರೆಯೇ ಸಂಶಯ ಪಟ್ಟರು. ನಾನು ಅದಕ್ಕೆ ಇನ್ನೊಂದು ವಸ್ತು ಚೂರು ಸೇರಿಸುತ್ತೇನೆ, ಅದನ್ನು ಬರೆಯುವುದಿಲ್ಲ. ಆದರೆ ಎರಡು ತಪ್ಪು ಬರೆಯುತ್ತೇನೆ. ಹಿಡಿಕೆಯ ಗುಬುಟು ಜಿಂಕ್ ಎರಕದ್ದೆಂದು ಗೊತ್ತಾಗದೆ ಮುಳುಗಿಸಿದೆ, ಅರ್ಧ ತಿಂದುಹೋಯಿತು. ಫೆನ್ಸನ್ನು ಹಾಕಿ ತಂಗಿಯ ಮದುವೆಯ ಗಡಿಬಿಡಿಯಲ್ಲಿ ಮರೆತೆ, ಆರು ವಾರದ ಮೇಲೆ ತೆಗೆದರೆ ಮೈತುಂಬ ಸಿಡುಬಿನ ಗುಳಿ.

ಟೇಬಲ್ ಎರಡನ್ನೂ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಗ್ರೈಂಡ್ ಮಾಡಿಸಿದೆ, 7 ಸಾವಿರ. ಉಳಿದ ಇಳಿಜಾರಿಗೆ ಡವ್‌ಟೇಲಿನಲ್ಲಿ ಹಿತ್ತಾಳೆಯ ತೆಳು ತಗಡಿನ ಶಿಮ್ ಕೊಟ್ಟೆ, ಎಂಟು ಸಲ ಬಿಚ್ಚಿ ಎಂಟು ಸಲ ಕೂಡಿಸಿದೆ. ಮೇಲ್ಮೈಗೆ ಎಣ್ಣೆ ಹಚ್ಚುವುದಿಲ್ಲ, ಕಟ್ಟಿಗೆಗೆ ಕಲೆ ಹತ್ತಿ ಪಾಲಿಶ್ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಮೇಣದಬತ್ತಿ ತಿಕ್ಕಿ ಅರಿವೆಯಿಂದ ಒರೆಸಿದರೆ ಸಾಕು.

ಮೋಟರು ಮೂರು ಎಚ್‌ಪಿ, 1440 ಸುತ್ತಿನದು. ರಿವೈಂಡಿಂಗಿಗೆ 3,200. ತ್ರೀ ಫೇಸ್ ಮಂಜೂರಾಗುವ ತನಕ ಸುಮ್ಮನಿರಲಾಗದೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಕೊಡುವ ಡ್ರೈವ್ ಒಂದನ್ನು ಸಾಲ ತಂದು ಹಚ್ಚಿದೆ. ಬ್ಲಾಕು ತಿರುಗಿತು, ಹಲಗೆ ಮುಟ್ಟಿಸಿದ ಕೂಡಲೇ ಉಸಿರು ಬಿಟ್ಟಿತು. ಮೋಟರಿನ ವೈರು 415 ವೋಲ್ಟಿಗೆ ಬೇಕಾದ ಸ್ಟಾರ್ ಜೋಡಣೆಯಲ್ಲಿತ್ತು, ಡ್ರೈವ್ ಕೊಡುವುದು 230 ವೋಲ್ಟ್. ಜೋಡಣೆಯನ್ನು ಡೆಲ್ಟಾಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ಎರಡು ತಿಂಗಳು ಹಾಗೇ ಓಡಿಸಿದೆ. 8 ಇಂಚಿನ ಪುಲ್ಲಿಯಿಂದ ಎರಡೂವರೆ ಇಂಚಿನದಕ್ಕೆ ಬೆಲ್ಟು, ಬ್ಲಾಕಿಗೆ ಸುಮಾರು 4,600 ಸುತ್ತು ಬರುತ್ತದೆ.

ಬೇರಿಂಗು, ಬ್ಲೇಡು, ಬೆಲ್ಟು, ಗಾಡಿ, ಹಮಾಲಿ, ಎಲ್ಲ ಸೇರಿ ಒಟ್ಟು 46 ಸಾವಿರದ ಆಸುಪಾಸು. ನನ್ನ ಕೂಲಿ ಹಿಡಿದಿಲ್ಲ, ಮೊದಲಿನ ಎರಡು ಟೋಪಿಯನ್ನೂ ಹಿಡಿದಿಲ್ಲ. ಇಷ್ಟೇ ಅಗಲದ ಹೊಸ ದೇಶಿ ಮೆಷಿನ್ನಿಗೆ ಅಂಗಡಿಯವರು ಹೇಳಿದ್ದು 90ರ ಮೇಲೆ, ತೂಕ ಇದರ ಅರ್ಧ.

ಇನ್ನು ಆ ಸ್ಕೇಲು. ಒಂದು ಮನೆಯ ಕಿಟಕಿ ಕೆಲಸಕ್ಕೆ ಹೋದಾಗ ಟೇಪಿನ ಕೊಕ್ಕೆ ಮುರಿದಿತ್ತು. ಚೀಲದಲ್ಲಿದ್ದ ಆ ಸ್ಕೇಲಿನಿಂದಲೇ ಚೌಕಟ್ಟಿನ ಒಳ ಅಳತೆ ತೆಗೆದೆ. ಶೆಡ್ಡಿಗೆ ಬಂದು ಬೇರೆ ಟೇಪಿನಲ್ಲಿ ಕೊರೆದು ನಾಲ್ಕು ಕದ ಕೂಡಿಸಿದೆ, ಹೊಸ ಮೆಷಿನ್ನಿನ ಮೊದಲ ದೊಡ್ಡ ಕೆಲಸ. ಕೂರಿಸಲು ಹೋದರೆ ಎಲ್ಲವೂ ನಾಲ್ಕಡಿ ಎತ್ತರದಲ್ಲಿ ಅರ್ಧ ಇಂಚು ಗಿಡ್ಡ! ಮೆಷಿನ್ನಿನ ಮೇಲೆ ಸಂಶಯ ಬಂತು, ನನ್ನ ಕಣ್ಣಿನ ಮೇಲೆ ಬಂತು. ಕೊನೆಗೆ ಸ್ಕೇಲನ್ನು ಟೇಪಿನ ಪಕ್ಕ ಇಟ್ಟು ನೋಡಿದರೆ ಎರಡಡಿಗೆ ಎರಡು ಸೂತ, ಅಂದರೆ ಕಾಲು ಇಂಚು ಉದ್ದ. ಪ್ಯಾಟರ್ನಿನವರ ಸ್ಕೇಲು ಅದು. ಬೀಡು ಆರಿದಾಗ ಅಡಿಗೆ ಒಂದು ಸೂತ ಕುಗ್ಗುತ್ತದೆಂದು ಗೀಟುಗಳನ್ನೇ ಅಷ್ಟು ಹಿಗ್ಗಿಸಿ ಕೊರೆದಿರುತ್ತಾರೆ. ಕದಕ್ಕೆ ಹೋದ ಸಾಗವಾನಿಯ ಲೆಕ್ಕ ಮೇಲಿನ 46ರಲ್ಲಿ ಸೇರಿಸಿಲ್ಲ.

ಗುಳಿಬಿದ್ದ ಫೆನ್ಸನ್ನು ಗ್ರೈಂಡ್ ಮಾಡಿಸಲು ಹೋದೆ, ಗುಳಿ ಆಳವಿದೆ, ಆಗುವುದಿಲ್ಲ ಅಂದರು. ಹೊಸದು ಎರಕ ಹೊಯ್ಯಿಸುವುದೊಂದೇ ದಾರಿ. ಮೂರಡಿ ಉದ್ದದ ಪ್ಯಾಟರ್ನನ್ನು ಅದೇ ಸ್ಕೇಲಿನಲ್ಲಿ ಗೀಟು ಹಾಕಿ, ಮಷಿನಿಂಗಿಗೆ ಮುಖದ ಮೇಲೆ ಒಂದು ಸೂತ ಬಿಟ್ಟು ನಾನೇ ಮಾಡಿದ್ದೇನೆ. ಅರಗಿನ ಪಾಲಿಶ್ ಶೆಲ್ಲಾಕ್ ಎರಡನೇ ಕೈ ಒಣಗುತ್ತಿದೆ. ಬರುವ ವಾರ ಬೆಳಗಾವಿಗೆ ಒಯ್ಯುತ್ತೇನೆ. ಅಲ್ಲಿಯ ತನಕ ಸಾಗವಾನಿಯ ತಾತ್ಪೂರ್ತಿಕ ಫೆನ್ಸಿನಲ್ಲೇ ಕೆಲಸ ನಡೆದಿದೆ.